ನವಜಾತ ಶಿಶುವಿನ ಶುಶ್ರೂಷೆಯೂ ತಾಯಿತಂದೆಗಳ ದಾಸೋಹವೂ

(ಶ್ರೀಮಠದ ಸುವರ್ಣ ಮಹೋತ್ಸವದ ಸಭೆಯಲ್ಲಿ ಮಾಡಿದ ಉಪನ್ಯಾಸ)

 

ಇಂತಹ ಮಹೋತ್ಸವದ ವೇದಿಕೆಯಿಂದ ಅಷ್ಟಾವರಣ, ಪಂಚಾಚಾರ, ಷಟ್‌ಸ್ಥಲಗಳ ನಿರೂಪಣೆಯಾಗುವುದು ರೂಢಿ. ಈ ಉಪನ್ಯಾಸದ ವಿಷಯವಾದರೋ ಆಸ್ಪತ್ರೆಗೆ ಸಂಬಂಧಿಸಿದುದು. ದಿನ ತುಂಬುವ ಮೊದಲೇ ಹುಟ್ಟಿ, ಇಲ್ಲವೆ ಹುಟ್ಟಿದೊಡನೆಯೇ ವ್ಯಾಧಿಗೆ ಈಡಾಗಿ, ನವಜಾತ ಶಿಶುಗಳ ಚಿಕಿತ್ಸಾ ಘಟಕದಲ್ಲಿ ಇರಿಸಲ್ಪಟ್ಟ ಕೂಸಿನ ತಾಯಿತಂದೆಗಳಿಗೆ ಸಮಾಜವು ಏನು ಮಾಡತಕ್ಕುದೆಂಬುದೇ ಇಲ್ಲಿಯ ವಿಚಾರ. ವೈದ್ಯರು ಆಡಬೇಕಾದ ಮಾತನ್ನು ಮಠದ ವೇದಿಕೆಯಲ್ಲಿ ಆಡುವುದಕ್ಕೆ ಅಧಿಕಾರವೇನೆಂದು ಯಾರಾದರೂ ಕೇಳಬಹುದು. ಕೂಸಿನ ಚಿಕಿತ್ಸೆಯು ವೈದ್ಯರ ಕೆಲಸವೇ ಸರಿ. ಅದರಲ್ಲಿ ಪರರು ಕೈಹಾಕುವುದು ಸರ್ವಥಾ ಸಲ್ಲದು. ಆದರೆ ಆ ಘಟಕದ ಬಾಗಿಲ ಹೊರಗೆ ಗೋಡೆಗೊರಗಿ ಕುಳಿತ ತಾಯಿಯ ಹಸಿವು, ನಿದ್ರೆ, ಲಜ್ಜೆ, ಭಯಗಳು ಯಾವ ಔಷಧಿಯ ಚೀಟಿಯಲ್ಲಿಯೂ ಬರೆಯಲ್ಪಡುವುದಿಲ್ಲ. ಅವು ದಾಸೋಹಕ್ಕೆ ಸೇರಿದ ಸಂಗತಿಗಳು. ದಾಸೋಹದ ಮಾತು ಮಠದಲ್ಲಿಯಲ್ಲದೆ ಮತ್ತೆಲ್ಲಿ ನಡೆಯಬೇಕು?

ಮೊದಲು ಸಂಗತಿಯ ಸ್ವರೂಪವನ್ನು ತಿಳಿಯುವುದು ಯುಕ್ತ. ಗರ್ಭಕ್ಕೆ ೩೭ ವಾರಗಳು ತುಂಬುವ ಮೊದಲು ಜನಿಸಿದ ಕೂಸನ್ನು ಅವಧಿಪೂರ್ವ ಶಿಶುವೆಂದು ವೈದ್ಯರು ಕರೆಯುವರು. ೨೦೨೦ನೆಯ ಇಸವಿಯೊಂದರಲ್ಲಿಯೇ ಜಗತ್ತಿನಲ್ಲಿ ಸುಮಾರು ೧ ಕೋಟಿ ೩೪ ಲಕ್ಷ ಶಿಶುಗಳು ಹೀಗೆ ಹುಟ್ಟಿದವೆಂತಲೂ, ಅವುಗಳಲ್ಲಿ ಸುಮಾರು ೩೦ ಲಕ್ಷ ಭಾರತದವೆಂತಲೂ ೨೦೨೩ರಲ್ಲಿ ಪ್ರಕಟವಾದ ಅಂದಾಜು ತಿಳಿಸುತ್ತದೆ. ಇಂತಹ ಕೂಸಿಗೆ ಚರ್ಮದಡಿಯ ಕೊಬ್ಬು ಸಾಲದು. ಆದಕಾರಣ ಮೈಯ ಕಾವು ನಿಲ್ಲದು. ಶ್ವಾಸಕೋಶವು ಬಲಿತಿರದು. ಚೀಪುವುದು, ನುಂಗುವುದು, ಉಸಿರಾಡುವುದು ಎಂಬ ಮೂರು ಕ್ರಿಯೆಗಳನ್ನು ಒಂದು ಲಯಕ್ಕೆ ತರುವ ಶಕ್ತಿಯು ೩೪ ವಾರಗಳ ಆಸುಪಾಸಿನವರೆಗೆ ಬರಲಾರದು. ಅಲ್ಲಿಯ ತನಕ ತಾಯಿಯ ಹಾಲನ್ನು ಸಣ್ಣ ನಳಿಕೆಯಿಂದ ಹೊಟ್ಟೆಗೆ ಇಳಿಸಬೇಕಾಗುವುದು. ಹಳ್ಳಿಯ ಮಾತಿನಲ್ಲಿ “ಕೂಸನ್ನು ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ” ಎಂಬ ಒಂದೇ ವಾಕ್ಯದಲ್ಲಿ ಇದೆಲ್ಲ ಅಡಗಿಹೋಗುತ್ತದೆ.

“ಏಳು ತಿಂಗಳಿನದು ಬದುಕೀತು, ಎಂಟು ತಿಂಗಳಿನದು ಉಳಿಯದು” ಎಂಬ ಒಂದು ನಂಬಿಕೆಯು ಊರೂರಿನಲ್ಲಿ ಉಂಟಷ್ಟೆ. ಇದಕ್ಕೆ ಯಾವ ಆಧಾರವೂ ಇಲ್ಲ. ಗರ್ಭದಲ್ಲಿ ಕಳೆದ ಒಂದೊಂದು ವಾರವೂ ಕೂಸಿನ ಬಲವನ್ನು ಹೆಚ್ಚಿಸುತ್ತದೆಯೇ ಹೊರತು ಕುಗ್ಗಿಸುವುದಿಲ್ಲ. ಆದರೂ ಈ ಮಾತನ್ನು ನಂಬಿ, ಎಂಟನೆಯ ತಿಂಗಳಿನ ಕೂಸನ್ನು ಮನಸ್ಸಿನಲ್ಲಿಯೇ ಮಣ್ಣು ಮಾಡಿ, ಆಸ್ಪತ್ರೆಯಿಂದ ಅರ್ಧಕ್ಕೆ ಬಿಡಿಸಿಕೊಂಡು ಹೊರಡುವ ಹಿರಿಯರುಂಟು. ಗಾದೆಯು ಸುಳ್ಳಾಗದೆಂಬ ಗಾದೆಯೊಂದು ಇರುವುದರಿಂದ ಇಂತಹ ಸುಳ್ಳು ಗಾದೆಗಳು ಬಹುಕಾಲ ಬಾಳುತ್ತವೆ.

ದೃಷ್ಟಾಂತಕ್ಕಾಗಿ ಒಂದು ಒಕ್ಕಲುತನದ ಮನೆಯನ್ನು ಭಾವಿಸಿಕೊಳ್ಳಬಹುದು. ತಾಲ್ಲೂಕಿನ ಆಸ್ಪತ್ರೆಯಲ್ಲಿ ಶಸ್ತ್ರಕ್ರಿಯೆಯಿಂದ ಹೆರಿಗೆಯಾಯಿತು; ಕೂಸು ೩೨ ವಾರದ್ದು, ತೂಕ ಒಂದೂವರೆ ಕಿಲೋವಿಗೂ ಕಡಿಮೆ. ಅದನ್ನು ಆ್ಯಂಬುಲೆನ್ಸಿನಲ್ಲಿ ಜಿಲ್ಲಾ ಆಸ್ಪತ್ರೆಗೆ ಒಯ್ದರು. ಒಡನೆ ಹೋದವನು ತಂದೆ. ತಾಯಿ ಹೊಲಿಗೆಯ ಗಾಯದೊಡನೆ ಹಿಂದೆ ಉಳಿದಳು. ಜಿಲ್ಲಾ ಪಟ್ಟಣದಲ್ಲಿ ಆ ತಂದೆಗೆ ಕಾಗದಗಳ ಮೇಲೆ ಸಹಿ ಹಾಕುವ ಕೆಲಸ, ರಕ್ತಪರೀಕ್ಷೆಗೆ ಓಡಾಡುವ ಕೆಲಸ, “ಕೂಸು ಹೇಗಿದೆ” ಎಂದು ಊರಿನಿಂದ ಬರುವ ಇಪ್ಪತ್ತು ಫೋನುಗಳಿಗೆ ಉತ್ತರ ಹೇಳುವ ಕೆಲಸ. ಅವನು ಅಳುವುದನ್ನು ಯಾರೂ ನಿರೀಕ್ಷಿಸುವುದಿಲ್ಲ; ಅವನು ಉಂಡನೋ ಇಲ್ಲವೋ ಎಂದು ಕೇಳುವವರೂ ಇಲ್ಲ. ನಾಲ್ಕನೆಯ ದಿನ ತಾಯಿ ಬಂದಳು. ಕೂಸಿನ ಮೂಗಿಗೆ ನಳಿಕೆ, ಕಾಲಿಗೆ ತಂತಿ, ಎದೆಗೂಡು ಉಸಿರಿಗೊಮ್ಮೆ ಒಳಕ್ಕೆ ಸೆಳೆಯುತ್ತಿದೆ. ಯಂತ್ರವು ಕೂಗಿಕೊಂಡರೆ ಇವಳ ಎದೆ ಝಲ್ಲೆನ್ನುವುದು. ಮುಟ್ಟಬಹುದೋ ಬಾರದೋ ತಿಳಿಯದೆ ಕೈಕಟ್ಟಿ ನಿಂತಳು. ಅತ್ತೆಯು ಗ್ರಹಣದ ದಿನ ಹೊರಗೆ ತಿರುಗಿದ್ದನ್ನು ನೆನಪಿಗೆ ತಂದಳು. ನೆರೆಯವಳೊಬ್ಬಳು ಕಾಲ್ಗುಣದ ಮಾತೆತ್ತಿದಳು. ಹಾಲು ಇಳಿಯಲಿಲ್ಲ. ಹಾಲು ಇಳಿಯದಿದ್ದುದೂ ಅವಳ ತಪ್ಪೆಂದೇ ಎಣಿಕೆಯಾಯಿತು. ಇದು ಕಲ್ಪಿಸಿಕೊಂಡ ಮನೆಯಾದರೂ ಇಂತಹವು ಪ್ರತಿ ಜಿಲ್ಲೆಯಲ್ಲಿಯೂ ಸಿಕ್ಕುವುವು.

ತಾಯಿ ಹೀಗೆ ಕೈಕಟ್ಟಿ ನಿಲ್ಲುವಂತಾದುದು ಹೇಗೆಂಬುದಕ್ಕೆ ಒಂದು ಇತಿಹಾಸವುಂಟು. ೧೮೮೦ರ ಸುಮಾರಿಗೆ ಪ್ಯಾರಿಸ್ ಪಟ್ಟಣದ ಹೆರಿಗೆ ಆಸ್ಪತ್ರೆಯ ತಾರ್ನಿಯೇ ಎಂಬ ವೈದ್ಯನು, ಮೃಗಾಲಯದಲ್ಲಿ ಹಕ್ಕಿಯ ಮೊಟ್ಟೆಗಳಿಗಾಗಿ ಮಾಡಿದ್ದ ಕಾವುಪೆಟ್ಟಿಗೆಯನ್ನು ಕಂಡು, ಅಂಥದನ್ನೇ ಶಿಶುಗಳಿಗಾಗಿ ಮಾಡಿಸಿದನು. ಅದರಿಂದ ಅನೇಕ ಪ್ರಾಣಗಳು ಉಳಿದುವು. ಅವನ ತರುವಾಯದ ಪಿಯರ್ ಬ್ಯೂದ್ಯಾಂ ಎಂಬಾತನು ೧೯೦೦ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ಒಂದು ವಿಷಾದಕರ ಸಂಗತಿಯನ್ನು ಎತ್ತಿ ತೋರಿಸಿದನು; ಅದೆಂತೆಂದರೆ, ಕೂಸಿನ ಆರೈಕೆಯಿಂದ ದೂರವಿಡಲ್ಪಟ್ಟ ಕೆಲವು ತಾಯಂದಿರು ಕಾಲಕ್ರಮದಲ್ಲಿ ಅದರ ಮೇಲಿನ ಆಸಕ್ತಿಯನ್ನೇ ಕಳೆದುಕೊಂಡು ಅದನ್ನು ತೊರೆದುಹೋಗುತ್ತಿದ್ದರು. ಆದಕಾರಣ ತಾಯಂದಿರು ಬಂದು ಮೊಲೆಯೂಡಬೇಕೆಂದು ಆತನು ಒತ್ತಿ ಹೇಳಿದನು. ಈ ಎಚ್ಚರಿಕೆಯನ್ನು ಮುಂದಿನ ತಲೆಮಾರು ಮರೆಯಿತು. ಸೋಂಕಿನ ಭಯದಿಂದ ಇಪ್ಪತ್ತನೆಯ ಶತಮಾನದ ಬಹುಭಾಗ ದೊಡ್ಡ ದೊಡ್ಡ ಆಸ್ಪತ್ರೆಗಳಲ್ಲಿ ತಾಯಿತಂದೆಗಳು ಗಾಜಿನ ಆಚೆಯಿಂದ ಇಣಿಕಿ ನೋಡುವ ಅತಿಥಿಗಳಾದರು.

ಬಾಗಿಲು ಮತ್ತೆ ತೆರೆದುದು ಐಶ್ವರ್ಯದಿಂದಲ್ಲ, ದಾರಿದ್ರ್ಯದಿಂದ. ದಕ್ಷಿಣ ಅಮೆರಿಕದ ಕೊಲಂಬಿಯಾ ದೇಶದ ರಾಜಧಾನಿಯಾದ ಬೊಗೊಟಾದಲ್ಲಿ, ಕಾವುಪೆಟ್ಟಿಗೆಗಳು ಸಾಲದೆ ಒಂದೊಂದರಲ್ಲಿ ಹಲವು ಕೂಸುಗಳನ್ನಿಟ್ಟು ಸೋಂಕು ಹರಡುತ್ತಿದ್ದಾಗ, ೧೯೭೮ರಲ್ಲಿ ಎಡ್ಗರ್ ರೇ ಎಂಬ ವೈದ್ಯನು ಕೂಸನ್ನು ತಾಯಿಯ ಎದೆಗೇ ಕಟ್ಟಿ ಇರಿಸುವ ಪದ್ಧತಿಯನ್ನು ತೊಡಗಿದನು. ಮರುವರ್ಷ ಹೆಕ್ಟರ್ ಮಾರ್ಟಿನೆಜ್ ಎಂಬಾತನು ಜೊತೆಗೂಡಿದನು. ಅದೇ ೧೯೭೯ರಲ್ಲಿ ಎಸ್ಟೋನಿಯಾದ ತಾಲಿನ್ ಪಟ್ಟಣದಲ್ಲಿ, ದಾದಿಯರ ಕೊರತೆಯಿದ್ದಾಗ, ಆದಿಕ್ ಲೆವಿನ್ ಎಂಬ ವೈದ್ಯನು ತಾಯಂದಿರನ್ನೇ ಒಳಗೆ ಕರೆದು ಕೂಸಿನ ಆರೈಕೆಯನ್ನು ಅವರ ಕೈಗೊಪ್ಪಿಸಿದನು. ಬೊಗೊಟಾದ ಪದ್ಧತಿಗೆ ಈಗ ಕಾಂಗರೂ ತಾಯಿ ಆರೈಕೆಯೆಂದು ಹೆಸರು. ಕೂಸಿಗೆ ಟೋಪಿ, ಕಾಲುಚೀಲ, ಲಂಗೋಟಿ ಇಷ್ಟನ್ನು ಬಿಟ್ಟು ಬೇರೆ ಬಟ್ಟೆಯಿಲ್ಲ; ತಾಯಿಯ ಬತ್ತಲೆದೆಯ ನಡುವೆ ನೆಟ್ಟಗೆ ನಿಲ್ಲಿಸಿದಂತೆ ಇರಿಸಿ, ಉಸಿರಿಗೆ ತಡೆಯಾಗದಂತೆ ತಲೆಯನ್ನು ಒಂದು ಪಕ್ಕಕ್ಕೆ ಹೊರಳಿಸಿ, ಕಪ್ಪೆಯ ಕಾಲಿನಂತೆ ಕಾಲು ಮಡಿಸಿ, ಮೇಲೆ ಬಟ್ಟೆಯಿಂದ ಬಿಗಿದು ಕಟ್ಟುವರು. ತಂದೆ, ಅಜ್ಜಿ, ಚಿಕ್ಕಮ್ಮ, ಯಾರೇ ಆಗಲಿ ಆರೋಗ್ಯವಂತರಾದವರು ಸರದಿಯ ಮೇಲೆ ಹೀಗೆ ಹೊರಬಹುದು.

ಇದು ಬಡವರ ಪಾಲಿನ ಎರಡನೆಯ ದರ್ಜೆಯ ಉಪಾಯವೆಂದು ಯಾರೂ ಭಾವಿಸಬಾರದು. ವಿಶ್ವ ಆರೋಗ್ಯ ಸಂಸ್ಥೆಯು ಭಾರತ, ಘಾನಾ, ಮಲಾವಿ, ನೈಜೀರಿಯಾ, ತಾಂಜಾನಿಯಾ ದೇಶಗಳ ಐದು ಆಸ್ಪತ್ರೆಗಳಲ್ಲಿ ನಡೆಸಿದ ಪರೀಕ್ಷೆಯ ಫಲವು ೨೦೨೧ರಲ್ಲಿ ಪ್ರಕಟವಾಯಿತು. ಭಾರತದ ಪಾಲಿನ ಕೆಲಸ ನಡೆದುದು ದಿಲ್ಲಿಯ ಸಫ್ದರ್‌ಜಂಗ್ ಆಸ್ಪತ್ರೆಯಲ್ಲಿ. ಒಂದು ಕಿಲೋದಿಂದ ೧.೮ ಕಿಲೋವಿನೊಳಗೆ ತೂಗುವ ೩,೨೧೧ ಶಿಶುಗಳನ್ನು ಎರಡು ಪಂಗಡ ಮಾಡಲಾಗಿತ್ತು. ಒಂದು ಪಂಗಡದ ಕೂಸುಗಳು ಸ್ಥಿತಿ ನೆಲೆಗೊಂಡ ಬಳಿಕ ತಾಯಿಯ ಎದೆ ಸೇರಿದುವು. ಮತ್ತೊಂದರವು ಹುಟ್ಟಿದ ಕೂಡಲೇ ಸೇರಿದುವು. ಮೊದಲನೆಯದರಲ್ಲಿ ೨೮ ದಿನಗಳೊಳಗೆ ಮಡಿದವು ನೂರಕ್ಕೆ ೧೫.೭, ಎರಡನೆಯದರಲ್ಲಿ ೧೨. ಅಂತರವು ಇಷ್ಟು ಸ್ಪಷ್ಟವಾದುದರಿಂದ ಪರೀಕ್ಷೆಯನ್ನು ನಿಯಮಿತ ಕಾಲಕ್ಕೆ ಮುಂಚೆಯೇ ನಿಲ್ಲಿಸಿದರು. ೨೦೨೨ರಲ್ಲಿ ಅದೇ ಸಂಸ್ಥೆಯು ಹೊಸ ಸಲಹೆಗಳನ್ನು ಹೊರಡಿಸಿ, ದಿನಕ್ಕೆ ಎಂಟು ಗಂಟೆಗೆ ಕಡಿಮೆಯಿಲ್ಲದೆ, ಸಾಧ್ಯವಾದಷ್ಟು ಹೆಚ್ಚು ಕಾಲ ಹೀಗೆ ಹೊರಬೇಕೆಂತಲೂ, ಕುಟುಂಬದವರಿಗೆ ನೆರವು ದೊರೆಯಬೇಕೆಂತಲೂ ಹೇಳಿತು. ಭಾರತ ಸರ್ಕಾರವಾದರೋ ದಿಲ್ಲಿಯ ರಾಮಮನೋಹರ ಲೋಹಿಯಾ ಆಸ್ಪತ್ರೆಯ ಅನುಭವವನ್ನು ಆಧರಿಸಿ, ತಾಯಿತಂದೆಗಳಿಗೆ ಕಲಿಸಿ ಅವರನ್ನು ಘಟಕದೊಳಗೆ ಸೇರಿಸಿಕೊಳ್ಳುವ ಮಾರ್ಗಸೂಚಿಯನ್ನು ೨೦೧೭ರಲ್ಲಿಯೇ ಪ್ರಕಟಿಸಿತ್ತು. ಕರ್ನಾಟಕದೊಳಗೆ, ಗವಿಮಠದ ಜಾತ್ರೆಯ ಮಹಾದಾಸೋಹದಿಂದ ನಾಡಿಗೆಲ್ಲ ಪರಿಚಿತವಾದ ಕೊಪ್ಪಳ ಜಿಲ್ಲೆಯಲ್ಲಿ ಕಾಂಗರೂ ಆರೈಕೆಯನ್ನು ಜಿಲ್ಲೆಯಾದ್ಯಂತ ನೆಲೆಗೊಳಿಸುವ ಅಧ್ಯಯನವು ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯವರಿಂದ ನಡೆದಿದೆ.

ದಿಲ್ಲಿಯೂ ಸೇರಿದ ಆ ಪರೀಕ್ಷೆಯಲ್ಲಿ ಮತ್ತೊಂದು ಅಂಕಿಯುಂಟು. ಹುಟ್ಟಿದ ಕೂಡಲೇ ಎದೆಗೇರಿದ ಕೂಸುಗಳನ್ನು ಘಟಕದಲ್ಲಿರುವಾಗ ದಿನಕ್ಕೆ ಸುಮಾರು ೧೭ ಗಂಟೆಗಳ ಕಾಲ ಹೊತ್ತಿರುತ್ತಿದ್ದರು. ಹೊತ್ತವರು ತಾಯಿ ಮತ್ತು ಅವಳ ಬದಲು ಕೂಡುವ ಮನೆಯ ಹೆಂಗಸು. ಸಭಿಕರು ಈ ಅಂಕಿಯ ಮುಂದೆ ಒಂದು ಕ್ಷಣ ನಿಲ್ಲಬೇಕು. ಹೆತ್ತು ಎರಡು ದಿನವಾದ ಹೆಂಗಸೊಬ್ಬಳು ೧೭ ಗಂಟೆ ಕೂಸನ್ನು ಹೊತ್ತು ಒರಗಿ ಕುಳಿತಿದ್ದರೆ ಅವಳಿಗೆ ಉಣ್ಣಿಸುವವರಾರು? ಅವಳ ಸೀರೆ ಒಗೆಯುವವರಾರು? ಮನೆಯಲ್ಲಿ ಬಿಟ್ಟುಬಂದ ಮೂರು ವರ್ಷದ ಹಿರಿಯ ಮಗುವನ್ನು ಮಲಗಿಸುವವರಾರು? ವೈದ್ಯಶಾಸ್ತ್ರವು ತಾಯಿಯ ದೇಹವನ್ನೇ ಚಿಕಿತ್ಸೆಯೆಂದು ಒಪ್ಪಿದ ಮೇಲೆ ಆ ದೇಹಕ್ಕೆ ಅನ್ನವಿಡುವುದು ಚಿಕಿತ್ಸೆಯ ಅಂಗವೇ ಆಯಿತು. ತಾಯಿಯ ಸೇವೆಯೆಂದರೆ ಕೂಸಿನ ಸೇವೆ. ಇದು ಅಲಂಕಾರದ ಮಾತಲ್ಲ.

ಲಿಂಗವಂತರಿಗೆ ಈ ಪದ್ಧತಿಯು ಪರಕೀಯವೆನಿಸಲು ಕಾರಣವಿಲ್ಲ. ಪ್ರಾಣಕ್ಕಿಂತ ಹೆಚ್ಚಿನದೆಂದು ಎಣಿಸಿದ ವಸ್ತುವನ್ನು ಗುಡಿಯಲ್ಲಿರಿಸದೆ ಎದೆಯ ಮೇಲೆ ಹೊತ್ತು, ಮೈಯಿಂದ ಅಗಲಿಸದೆ ಕಾಪಾಡುವುದು ಇವರ ಹುಟ್ಟಿನೊಡನೆ ಬಂದ ಅಭ್ಯಾಸವಾಗಿದೆ. ಕರಡಿಗೆಯು ತೂಗುವ ಎಡೆಯಲ್ಲಿಯೇ ಕೂಸೂ ಒರಗುವುದು. (ಹಾಗೆ ಒರಗಿಸುವಾಗ ಬೆಳ್ಳಿಯ ಕರಡಿಗೆಯು ಕೂಸಿನ ಮೆತ್ತನೆಯ ಪಕ್ಕೆಗೆ ಒತ್ತದಂತೆ ಶಿವದಾರವನ್ನು ಬೆನ್ನಿಗೋ ತೋಳಿಗೋ ಸರಿಸಿಕೊಳ್ಳಬೇಕು; ದಾದಿಯರು ಹೀಗೆ ಹೇಳಿದರೆ ಮುನಿಯುವುದು ಬೇಡ.)

ಇಲ್ಲಿ ಒಂದು ಪೂರ್ವಪಕ್ಷವುಂಟು. ಗರ್ಭಕ್ಕೆ ಎಂಟನೆಯ ತಿಂಗಳಿನಲ್ಲಿ ತಾಯಿಯ ಅಂಗದ ಮೇಲೆ ಶಿಶುವಿನ ಲಿಂಗವನ್ನು ಧಾರಣೆ ಮಾಡಿಸಿ, ಹುಟ್ಟಿದ ಬಳಿಕ ಕೂಸಿಗೆ ಕಟ್ಟುವುದು ಸಂಪ್ರದಾಯ. ಏಳನೆಯ ತಿಂಗಳಿನಲ್ಲಿಯೇ ಹುಟ್ಟಿದ ಕೂಸಿಗೆ ಗರ್ಭಲಿಂಗಧಾರಣೆಯು ಆಗಿಯೇ ಇಲ್ಲ. ಘಟಕದೊಳಗೆ ದಾರ, ವಸ್ತ್ರ, ವಿಭೂತಿಗಳನ್ನು ಕೂಸಿನ ಮೈಗೆ ಸೋಂಕಿಸಲು ಅವಕಾಶವಿಲ್ಲ. ಹಾಗಾದರೆ ಆ ಕೂಸು ಭವಿಯಾಗಿಯೇ ಉಳಿಯುವುದೇ? ಆಕಸ್ಮಾತ್ ಉಳಿಯದೆ ಹೋದರೆ ಅದರ ಗತಿಯೇನು? ಈ ಪ್ರಶ್ನೆಯನ್ನು ಕೆಲವರು ಶಾಸ್ತ್ರಚರ್ಚೆಗಾಗಿ ಕೇಳುವರು. ಆದರೆ ಬಾಗಿಲ ಹೊರಗಿನ ತಾಯಿಗೆ ಇದು ಚರ್ಚೆಯಲ್ಲ, ಹೊಟ್ಟೆಯೊಳಗಿನ ಬೆಂಕಿ.

ಸಮಾಧಾನವೇನೆಂದರೆ: ಗರ್ಭಸ್ಥ ಶಿಶುವಿಗೆ ತಾಯಿಯ ಅಂಗವೇ ಅಂಗವೆಂದು ಒಪ್ಪಿಯೇ ಆ ಸಂಸ್ಕಾರವು ವಿಧಿಸಲ್ಪಟ್ಟಿದೆ. ಅವಧಿಗೆ ಮುಂಚೆ ಹುಟ್ಟಿ, ತಾಯಿಯ ಮೈಯ ಕಾವಿನಿಂದಲೇ ಬದುಕುತ್ತ, ಅವಳ ಎದೆಯ ಮೇಲೆ ಕಟ್ಟಲ್ಪಟ್ಟಿರುವ ಕೂಸು ಇನ್ನೂ ತಾಯಿಯ ಅಂಗವನ್ನು ಪೂರ್ಣವಾಗಿ ಬಿಟ್ಟುಬಂದಿಲ್ಲ. ಗರ್ಭದ ಉಳಿದ ತಿಂಗಳುಗಳನ್ನು ಅದು ಹೊರಗೆ ಪೂರೈಸುತ್ತಿದೆ. ಆದಕಾರಣ ಗುರುಗಳು ಆ ಲಿಂಗವನ್ನು ತಾಯಿಗೇ ಕರುಣಿಸಿ, ಕೂಸು ಮನೆಗೆ ಬಂದ ಬಳಿಕ ಅದಕ್ಕೆ ಕಟ್ಟುವುದು ಸಂಸ್ಕಾರದ ಆಶಯಕ್ಕೆ ಸಮ್ಮತವೇ ಹೊರತು ವಿರುದ್ಧವಲ್ಲ. ಗುರುಸ್ಥಾನದಲ್ಲಿರುವವರು ಇದನ್ನು ಬಾಯಿಬಿಟ್ಟು ಹೇಳಿದರೆ ಎಷ್ಟೋ ತಾಯಂದಿರಿಗೆ ಅಂದು ರಾತ್ರಿ ನಿದ್ರೆ ಬಂದೀತು.

ಸೂತಕದ ಮಾತು ಇದಕ್ಕಿಂತ ಸುಲಭ. ಜಾತಿ, ಜನನ, ಪ್ರೇತ, ರಜಸ್ಸು, ಉಚ್ಛಿಷ್ಟಗಳೆಂಬ ಪಂಚಸೂತಕಗಳು ಶರಣರಿಗೆ ಇಲ್ಲ. ಬಾಯಲ್ಲಿ ಹೀಗೆ ಹೇಳುತ್ತ, ಬಾಣಂತಿಯನ್ನು ನೋಡಲು ಹನ್ನೊಂದು ದಿನ ಕಳೆಯಲಿ ಎನ್ನುವ ಮನೆಗಳು ಕಡಿಮೆಯಲ್ಲ. ಕೈ ತೊಳೆಯುವುದಕ್ಕಾಗಿ ಬಳೆ, ಉಂಗುರಗಳನ್ನು ತೆಗೆಯಿರೆಂದು ದಾದಿಯರು ಹೇಳುವರು. ಬಾಣಂತಿಯ ಹಸಿರು ಬಳೆ ತೆಗೆದರೆ ಅಪಶಕುನವೆಂದು ಅತ್ತೆ ತಡೆಯುವಳು. ಬಳೆಯ ಸಂದಿಯಲ್ಲಿ ಕುಳಿತ ಕೊಳೆಯಿಂದ ಹರಡುವ ಸೋಂಕು ನಿಜವಾದುದು, ಅಪಶಕುನವಾದರೋ ಮನಸ್ಸಿನದು. ಕೂಸು ಮನೆಗೆ ಬಂದ ದಿನ ಡಜನ್ ಬಳೆ ತೊಡಿಸಲಿ, ಯಾರು ಬೇಡವೆಂದಾರು? ಜೇನು, ಬಜೆ, ಹರಳೆಣ್ಣೆಗಳನ್ನು ಕದ್ದು ನೆಕ್ಕಿಸುವುದಂತೂ ಪ್ರಾಣಕ್ಕೇ ಅಪಾಯ.

ಜಾತಿಸೂತಕವು ಮತ್ತೊಂದು ರೂಪದಿಂದ ಒಳಗೆ ಬರುವುದುಂಟು. ತಾಯಿಯ ಹಾಲು ಸಾಲದಿದ್ದಾಗ ಬೇರೆ ತಾಯಂದಿರು ದಾನವಿತ್ತ ಹಾಲನ್ನು ಪರೀಕ್ಷಿಸಿ, ಕಾಯಿಸಿ, ಶೈತ್ಯದಲ್ಲಿಟ್ಟು ಕೂಸಿಗೆ ಕೊಡುವ ಎದೆಹಾಲಿನ ಬ್ಯಾಂಕುಗಳುಂಟು. ಭಾರತದಲ್ಲಿ ಇದರ ಮೊದಲನೆಯದು ೧೯೮೯ರಲ್ಲಿ ಮುಂಬಯಿಯ ಸಯನ್ ಆಸ್ಪತ್ರೆಯಲ್ಲಿ ಅರ್ಮಿಡಾ ಫರ್ನಾಂಡಿಸ್ ಎಂಬ ವೈದ್ಯೆಯ ಉದ್ಯಮದಿಂದ ನೆಲೆಗೊಂಡಿತು. “ಯಾರ ಹಾಲೋ ಏನೋ” ಎಂಬ ಹಿಂಜರಿಕೆಯ ಮಾತು ಲಿಂಗವಂತನ ಬಾಯಲ್ಲಿ ಬಂದರೆ ಅವನು ಧರಿಸಿದ ಲಿಂಗಕ್ಕೆ ಏನು ಉತ್ತರ ಹೇಳುವನು?

ಹೆಣ್ಣು ಕೂಸಿನ ವಿಷಯವಾಗಿ ಒಂದು ಕಹಿಯಾದ ಸಂಗತಿಯನ್ನು ಹೇಳದಿರಲಾಗದು. ದೇಶದ ನವಜಾತ ಶಿಶು ಘಟಕಗಳಲ್ಲಿ ದಾಖಲಾಗುವವರಲ್ಲಿ ಗಂಡಿಗಿಂತ ಹೆಣ್ಣು ಕಡಿಮೆ. ಗಂಡು ಶಿಶುವು ಸ್ವಭಾವತಃ ಸ್ವಲ್ಪ ಹೆಚ್ಚು ದುರ್ಬಲವೆಂಬುದು ಇದಕ್ಕೆ ಒಂದು ಕಾರಣವಾದರೂ ಅದೊಂದೇ ಕಾರಣವಲ್ಲ. ದೂರದ ಊರಿಗೆ ಒಯ್ಯುವ ಖರ್ಚು, ಕೆಲಸ ಬಿಟ್ಟು ಕೂಡುವ ನಷ್ಟ, ಇವು ಹೆಣ್ಣಿನ ಸರದಿ ಬಂದಾಗ ಹೆಚ್ಚು ಭಾರವಾಗಿ ತೋರುವುವು. ೨೦೧೧ರ ಜೂನ್ ೧ರಂದು ಮೊದಲಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದ ಪ್ರಕಾರ ಸರ್ಕಾರಿ ಆಸ್ಪತ್ರೆಯಲ್ಲಿ ರೋಗಗ್ರಸ್ತ ನವಜಾತ ಶಿಶುವಿನ ಚಿಕಿತ್ಸೆ, ಔಷಧಿ, ರಕ್ತ, ಸಾಗಣೆ ಇವೆಲ್ಲ ಉಚಿತವಾಗಿ ದೊರೆಯಬೇಕು. ಇದನ್ನು ಅರಿಯದೆ ಬಂಗಾರ ಒತ್ತೆಯಿಟ್ಟವರುಂಟು. ಮಠದ ಭಕ್ತರಲ್ಲಿ ಓದುಬರಹ ಬಲ್ಲವರು ಇದನ್ನೊಂದು ತಿಳಿಸಿಕೊಟ್ಟರೂ ಸಣ್ಣ ಉಪಕಾರವಲ್ಲ.

ಇನ್ನು ಮುಖ್ಯವಾದ ಸೂಚನೆ. ಕಳೆದ ಶತಮಾನದ ಆರಂಭದಲ್ಲಿ ಹಳ್ಳಿಯ ಬಡ ಹುಡುಗರು ಓದಲೆಂದು ಪಟ್ಟಣಕ್ಕೆ ಬಂದು ಅನ್ನವಿಲ್ಲದೆ ಅಲೆಯುತ್ತಿದ್ದಾಗ ಲಿಂಗಾಯತ ಮಠಗಳು ಪ್ರಸಾದನಿಲಯಗಳನ್ನು ತೆರೆದುವು. ಪಾಠ ಹೇಳುವುದು ಶಾಲೆಯ ಕೆಲಸವಾಗಿತ್ತು. ಮಠವು ಕೊಟ್ಟುದು ಉಣ್ಣುವುದಕ್ಕೊಂದು ಪಂಕ್ತಿ, ಮಲಗುವುದಕ್ಕೊಂದು ಚಾಪೆ. ಆ ಎರಡರಿಂದ ಎಷ್ಟು ಮನೆತನಗಳು ಉದ್ಧಾರವಾದುವೆಂಬುದನ್ನು ಈ ಸಭೆಯಲ್ಲಿಯೇ ಕುಳಿತ ಹಿರಿಯರು ಬಲ್ಲರು. ಅದೇ ನ್ಯಾಯದಿಂದ, ಜಿಲ್ಲಾ ಆಸ್ಪತ್ರೆಯ ಸಮೀಪದಲ್ಲಿ, ನವಜಾತ ಶಿಶುಗಳ ತಾಯಿತಂದೆಗಳಿಗಾಗಿ ಒಂದು ಪ್ರಸಾದನಿಲಯವನ್ನು ತೆರೆಯುವುದು ಈ ಮಹೋತ್ಸವದ ಸ್ಮಾರಕವಾಗಬಹುದು. ಕಲ್ಲಿನ ಕಮಾನಿಗೆ ಆಗುವ ವೆಚ್ಚದಲ್ಲಿ ಅದು ಕೆಲವು ವರ್ಷ ನಡೆದೀತು.

ಅಂತಹ ನಿಲಯದ ವ್ಯವಸ್ಥೆಯು ವಿದ್ಯಾರ್ಥಿ ನಿಲಯದಂತಿರಲಾಗದು. ಮೊದಲನೆಯದಾಗಿ ಹೊತ್ತಿನ ಭೇದ. ಹಾಲು ನಿಲ್ಲದಿರಬೇಕಾದರೆ ಕೂಸಿಗೆ ಚೀಪಲು ಬಾರದಿದ್ದರೂ ತಾಯಿಯು ಎರಡು ಮೂರು ಗಂಟೆಗೊಮ್ಮೆ, ರಾತ್ರಿಯೂ ಸೇರಿ, ಹಾಲನ್ನು ಹಿಂಡಿ ತೆಗೆದು ಕಳಿಸಬೇಕು. ಆದುದರಿಂದ ರಾತ್ರಿ ಎರಡು ಗಂಟೆಗೂ ಅವಳಿಗೆ ಬಿಸಿನೀರು, ಬಿಸಿಹಾಲು, ಒಂದು ತುತ್ತು ಸಿಕ್ಕಬೇಕು. ಒಂಬತ್ತಕ್ಕೆ ಅಡುಗೆಮನೆಗೆ ಬೀಗ ಬೀಳುವ ಕ್ರಮ ಅಲ್ಲಿ ನಡೆಯದು. ಬಾಣಂತಿಗೆ ನೀರು ಕಡಿಮೆ ಕೊಡಬೇಕೆಂಬ ಹಳೆಯ ಕಟ್ಟಳೆಯನ್ನು ಬಾಗಿಲಲ್ಲಿಯೇ ಬಿಡಬೇಕು. ರೊಟ್ಟಿ, ಸೊಪ್ಪು, ಬೇಳೆ, ಅಂಟಿನ ಉಂಡೆ, ಬೇಡಿದಷ್ಟು ನೀರು. ಎರಡನೆಯದಾಗಿ ಮಲಗುವ ಎಡೆ. ಶಸ್ತ್ರಕ್ರಿಯೆಯಾದವಳು ನೆಲದಿಂದ ಏಳಲಾರಳು. ಅವಳಿಗೆ ಮಂಚ ಬೇಕು, ಬಾಗಿಲಿಗೆ ಅಗಳಿ ಬೇಕು. ತಂದೆಗಾದರೋ ಸ್ನಾನಕ್ಕೆ ನೀರು, ಫೋನಿಗೆ ವಿದ್ಯುತ್ತು, ಕೂಲಿ ತಪ್ಪಿದ ದಿನಗಳಲ್ಲಿ ಬಸ್ಸಿನ ಖರ್ಚು.

ಮೂರನೆಯದು ಹಣದಿಂದ ಬರತಕ್ಕುದಲ್ಲ. ಇದೇ ದಾರಿಯಲ್ಲಿ ನಡೆದುಬಂದ ತಾಯಿಯೊಬ್ಬಳು ಪಕ್ಕದಲ್ಲಿ ಬಂದು ಕುಳಿತು, “ನನ್ನ ಮಗನೂ ಹೀಗೇ ಇದ್ದ ತಂಗಿ, ಯಂತ್ರ ಕೂಗಿದರೆ ಮೊದಲು ಕೂಸಿನ ಮುಖ ನೋಡು, ಆಮೇಲೆ ಯಂತ್ರ ನೋಡು” ಎಂದು ಹೇಳುವುದಕ್ಕೆ ಸಮನಾದುದು ಯಾವ ಉಪದೇಶವೂ ಅಲ್ಲ. ಆ ಮಾತಿನ ಹಿಂದೆ ಅನುಭವವುಂಟು. ಹೀಗೆ ಕೂಡಬಲ್ಲ ಹತ್ತು ಶರಣೆಯರನ್ನು ಮಠವು ಗುರುತಿಸಿ ಆಸ್ಪತ್ರೆಯ ಒಪ್ಪಿಗೆ ಪಡೆದರೆ ಸಾಕು. ಅವರಿಗೆ ಒಂದೇ ಕಟ್ಟಳೆ: ಔಷಧಿಯ ಮಾತು ಆಡಬಾರದು, ಭವಿಷ್ಯ ನುಡಿಯಬಾರದು, ಏಕೆ ಹೀಗಾಯಿತೆಂದು ಕೇಳಬಾರದು. ಏಕೆ ಹೀಗಾಯಿ​ತೆಂಬುದು ಎಷ್ಟೋ ವೇಳೆ ವೈದ್ಯರಿಗೂ ತಿಳಿಯದು. ರಕ್ತದ ಒತ್ತಡ, ಸೋಂಕು, ಅವಳಿ ಗರ್ಭ, ರಕ್ತಹೀನತೆ ಮುಂತಾದ ಕಾರಣಗಳನ್ನು ಅವರು ಹೇಳುವರೇ ಹೊರತು ಗ್ರಹಣವನ್ನೂ ಕಾಲ್ಗುಣವನ್ನೂ ಯಾವ ಗ್ರಂಥದಲ್ಲಿಯೂ ಬರೆದಿಲ್ಲ. ತಾಯಿಯು ದಿನಗಟ್ಟಲೆ ಉಣ್ಣದೆ, ಕೂಸನ್ನು ನೋಡಲೊಲ್ಲದೆ, ತಾನಿರುವುದು ವ್ಯರ್ಥವೆಂಬ ಮಾತಾಡತೊಡಗಿದರೆ ಅದನ್ನು ಬಾಣಂತಿಯ ಹಟವೆಂದು ತಳ್ಳಿಹಾಕದೆ ವೈದ್ಯರಿಗೆ ಕೂಡಲೇ ತಿಳಿಸಬೇಕು. ಅದು ಚಿಕಿತ್ಸೆಯುಳ್ಳ ವ್ಯಾಧಿ. ತಂದೆಗೂ ಅದು ಬರಬಹುದು, ಅವನಲ್ಲಿ ಅದು ಮೌನವಾಗಿಯೋ ಸಿಟ್ಟಾಗಿಯೋ ತೋರುವುದು.

ಹಾಗೂ ಕೆಲವು ಕೂಸುಗಳು ಉಳಿಯುವುದಿಲ್ಲ. ಅಂತಹ ಹೊತ್ತಿನಲ್ಲಿ ಸಮಾಜವು ಅವಸರ ಮಾಡುವುದು. ತಾಯಿಗೆ ಮುಖವನ್ನೂ ತೋರಿಸದೆ, ಹೆಸರನ್ನೂ ಇಡದೆ, ಕತ್ತಲಲ್ಲಿ ಮಣ್ಣು ಕೊಟ್ಟು ಬಂದು, “ಇನ್ನೂ ವಯಸ್ಸಿದೆ, ಮತ್ತೊಂದು ಆದೀತು” ಎಂದು ಸಮಾಧಾನ ಹೇಳುವುದು. ಒಂದೂವರೆ ಕಿಲೋ ತೂಗಿದ ಮಾತ್ರಕ್ಕೆ ಅದರ ದುಃಖವೂ ಒಂದೂವರೆ ಕಿಲೋವೆಂದು ಲೆಕ್ಕ ಹಾಕಲಾಗದು. ತಾಯಿ ಬಯಸಿದರೆ ಅವಳ ಮಡಿಲಲ್ಲಿ ಕೆಲಹೊತ್ತು ಇರಲಿ, ಹೆಸರಿಡಲಿ, ಜಂಗಮರು ಬಂದು, ದೊಡ್ಡವರಿಗೆ ಸಲ್ಲುವ ಗೌರವದೊಡನೆಯೇ ಕ್ರಿಯೆಯನ್ನು ನಡೆಸಲಿ. ಪ್ರೇತಸೂತಕವಿಲ್ಲವೆಂದ ಧರ್ಮದಲ್ಲಿ ಆ ಕೂಸನ್ನು ಮುಟ್ಟಲು ಹೆದರತಕ್ಕ ಕೈಯಾವುದು? ಅವಳ ಎದೆಯಲ್ಲಿ ಹಾಲು ಅನಂತರವೂ ಕೆಲವು ದಿನ ಬರುತ್ತಿರುವುದು; ಆ ದಿನಗಳಲ್ಲಿ ಒಬ್ಬರಾದರೂ ಬಳಿಯಿರಬೇಕು.

ಉಳಿದು ಮನೆಗೆ ಬಂದ ಕೂಸಿನ ವಿಷಯದಲ್ಲಿ ತೊಟ್ಟಿಲ ಸಂಭ್ರಮವು ಒಂದು ಕೆಲಸವನ್ನು ಮರೆಸಿಬಿಡುವುದುಂಟು. ೩೪ ವಾರಕ್ಕೆ ಮುಂಚೆ ಹುಟ್ಟಿದ, ಅಥವಾ ಎರಡು ಕಿಲೋವಿಗಿಂತ ಕಡಿಮೆ ತೂಗಿದ ಶಿಶುವಿನ ಕಣ್ಣಿನ ಪರದೆಯಲ್ಲಿ ರಕ್ತನಾಳಗಳು ಅಡ್ಡಾದಿಡ್ಡಿಯಾಗಿ ಬೆಳೆದು ದೃಷ್ಟಿಯನ್ನು ಕೆಡಿಸಬಹುದು. ಹೊರಗಿನಿಂದ ನೋಡಿದರೆ ಏನೂ ಕಾಣದು. ಹುಟ್ಟಿದ ೩೦ ದಿನಗಳೊಳಗೆ ಪರೀಕ್ಷಿಸಿದರೆ ತಿಳಿಯುವುದು. ಹೊತ್ತಿಗೆ ಸರಿಯಾಗಿ ಚಿಕಿತ್ಸೆ ಮಾಡಿದರೆ ಬಹುಮಟ್ಟಿಗೆ ಕಣ್ಣು ಉಳಿಯುವುದು. ಹೊತ್ತು ಮೀರಿದರೆ ಕುರುಡು ಸ್ಥಿರವಾಗುವುದು. ಈ ಪರೀಕ್ಷೆಯನ್ನು ಹಳ್ಳಿಗಾಡಿನ ಕೂಸುಗಳಿಗೆ ಒದಗಿಸಲೆಂದೇ ಬೆಂಗಳೂರಿನ ನಾರಾಯಣ ನೇತ್ರಾಲಯವು ೨೦೦೮ರಲ್ಲಿ ಒಂದು ಯೋಜನೆಯನ್ನು ತೊಡಗಿತು. ಅದರಲ್ಲಿ ತಂತ್ರಜ್ಞರು ಜಿಲ್ಲೆಗಳ ಆಸ್ಪತ್ರೆಗಳಿಗೆ ಹೋಗಿ ಕಣ್ಣಿನ ಚಿತ್ರ ತೆಗೆದು ದೂರದ ವೈದ್ಯರಿಗೆ ಕಳುಹಿಸುವರು. ಆದರೆ ಆ ಹೊತ್ತಿಗೆ ಬಾಣಂತಿಯು ಆಸ್ಪತ್ರೆಯಿಂದ ತವರಿಗೆ, ಬೇರೊಂದು ಜಿಲ್ಲೆಗೆ ಹೋಗಿರುತ್ತಾಳೆ. ತಿಂಗಳೊಳಗೆ ಕೂಸನ್ನು ಹೊಸ್ತಿಲು ದಾಟಿಸಬಾರದೆಂದು ಅಜ್ಜಿ ಹೇಳುತ್ತಾಳೆ. ಆಸ್ಪತ್ರೆಯ ಚೀಟಿಯಲ್ಲಿ ಬರೆದ ತಾರೀಖು ಡಬ್ಬಿಯ ತಳ ಸೇರುತ್ತದೆ.

ಮಠದಲ್ಲಿ ಪಂಚಾಂಗ ನೋಡಿ ಹಬ್ಬಹುಣ್ಣಿಮೆಗಳ ದಿನ ಹೇಳುವವರಿದ್ದಾರೆ. ಪ್ರಸಾದನಿಲಯದಿಂದ ಮನೆಗೆ ಮರಳಿದ ಒಂದೊಂದು ಕೂಸಿನ ಕಣ್ಣಿನ ಪರೀಕ್ಷೆಯ ದಿನವನ್ನೂ ಒಂದು ವಹಿಯಲ್ಲಿ ಬರೆದಿಟ್ಟು, ಎರಡು ದಿನ ಮುಂಚಿತವಾಗಿ ತವರುಮನೆಗೂ ಗಂಡನ ಮನೆಗೂ ಫೋನು ಮಾಡುವ ಕೆಲಸವನ್ನು ಅವರಿಗೆ ವಹಿಸಬಹುದು. ಬಸ್ಸಿನ ಖರ್ಚಿಲ್ಲದವರಿಗೆ ಅದನ್ನು ಕೊಟ್ಟು, ಜೊತೆಗೆ ಬರುವವರಿಲ್ಲದ ತಾಯಿಗೆ ಆ ಹತ್ತು ಶರಣೆಯರಲ್ಲೊಬ್ಬಳನ್ನು ಕಳುಹಿಸಬೇಕು. ವಹಿಯು ಬರುವ ತಿಂಗಳಿನಿಂದಲೇ ಮೊದಲಾಗಬಹುದು. ಅದಕ್ಕೆ ಕಟ್ಟಡವು ಮುಗಿಯುವವರೆಗೆ ಕಾಯಬೇಕಾದುದಿಲ್ಲ.